ಹಗೇವಿನ ದೀಪ

ಗುಡಿಬಂಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ನಾನು,
ಜೂನಿನಿಂದ ಮಾರ್ಚಿಯವರೆಗೆ ಮಾತ್ರ ಜೀವ ಇರುವ ಹುದ್ದೆ.
ಮೊದಲ ಪಾಠ: ಜೀವಿ ಎಂದರೇನು.
ಹಲಗೆಯ ಮೇಲೆ ಏಳು ಲಕ್ಷಣ ಬರೆದೆ
ಒಂದರ ಕೆಳಗೊಂದು, ದಿನಸಿ ಚೀಟಿಯ ಹಾಗೆ:
ತಿನ್ನುವುದು, ಉಸಿರಾಡುವುದು, ಬೆಳೆಯುವುದು,
ಅಲುಗಾಡುವುದು, ಮುಟ್ಟಿದರೆ ತಿಳಿಯುವುದು,
ಬೇಡದ್ದನ್ನು ಹೊರಹಾಕುವುದು,
ತನ್ನಂಥದೇ ಇನ್ನೊಂದನ್ನು ಹುಟ್ಟಿಸುವುದು.
ಏಳೂ ಇದ್ದರೆ ಜೀವಿ. ಬರಕೊಳ್ಳಿ.

ಬರಕೊಂಡರು. ಖಲಂದರ್ ಬರಕೊಳ್ಳಲಿಲ್ಲ.
ಅವರಪ್ಪ ಪಾತ್ರೆಗೆ ಕಲಾಯಿ ಹಾಕುವವರು,
ಇವನ ಭಾನುವಾರಗಳೆಲ್ಲ ತಿದಿಯ ಮುಂದೆ.
"ಹಂಗಾದ್ರೆ ಬೆಂಕಿ, ಮಿಸ್?
ಇದ್ದಿಲು ತಿನ್ನುತ್ತೆ. ಗಾಳಿ ನಿಲ್ಲಿಸಿದ್ರೆ ಸಾಯುತ್ತೆ.
ಬೂದಿ ಹಾಕುತ್ತೆ. ಉಪ್ಪು ಎರಚಿದ್ರೆ ಚಟಚಟ ಬೈಯುತ್ತೆ.
ಒಂದು ಕಿಡಿ ಹಾರಿದ್ರೆ ಸಾಕು,
ಪಕ್ಕದ ಬಣವೆಯಲ್ಲಿ ಮರಿ."
ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ,
ಬಿ.ಎಡ್.ನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.
"ಬೆಂಕಿಗೆ ಜೀವಕೋಶ ಇಲ್ಲ" ಎಂದೆ.
ಜೀವಕೋಶ ಅಂದರೆ?
ಅದು ಮೂರನೇ ಪಾಠ, ಆಗಸ್ಟಿಗೆ.

ಮಾತು ತಿರುಗಿಸಲು ಮೇಜಿನ ಮೇಲೆ
ಒಂದು ಹಿಡಿ ರಾಗಿ ಸುರಿದೆ.
ಇದಕ್ಕೆ ಜೀವ ಇದೆಯೋ, ಇಲ್ಲವೋ?
ಬಗ್ಗಿ ನೋಡಿದರು, ಉಗುರಿನಲ್ಲಿ ಚಿವುಟಿದರು,
ಊದಿದಾಗ ಉರುಳಿದ್ದು ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿದರು.
ನಲವತ್ತೊಂದು ತಲೆ ಇಲ್ಲ ಎಂದು ಆಡಿದವು.

ಕಿಟಕಿಯಾಚೆ ಬೇಳೆ ಆರಿಸುತ್ತಿದ್ದ
ಬಿಸಿಯೂಟದ ಅಕ್ಕುಲಮ್ಮ
ಮೊರದಿಂದ ಕಣ್ಣೆತ್ತದೆಯೇ ಅಂದಳು:
"ಉಸಿರಾಡದೆ ಇದ್ರೆ ದೀಪ ಯಾಕಮ್ಮ ಆರ್ತದೆ?"

"ಯಾವ ದೀಪ?"

"ನಮ್ ತಾತಂದು ಹಗೇವು ಇತ್ತು, ಅಂಗಳದಾಗೆ.
ಎರಡಾಳುದ್ದ. ಬಾಯಿ ಸಣ್ದು, ಹೊಟ್ಟೆ ದಪ್ಪ.
ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ
ಚಪ್ಪಡಿ ಎಳೆದು ಮಣ್ಣು ಮೆತ್ತಿದ್ರೆ
ಮೂರು ವರ್ಷ ಆ ಕಡೆ ನೋಡಂಗಿಲ್ಲ.
ತೆಗೆದ ದಿನ ಯಾರೂ ಇಳಿಯಂಗಿಲ್ಲ.
ಹಗ್ಗಕ್ಕೆ ದೀಪ ಕಟ್ಟಿ ಬಿಡ್ಬೇಕು.
ಉರಿದ್ರೆ ಇಳಿ. ಆರಿದ್ರೆ ಕಾಯಿ,
ಒಳಗೆಲ್ಲ ಅದು ಬಿಟ್ಟ ಉಸಿರೇ ಅದೆ ಅಂತ.
ನಮ್ ಚಿಕ್ಕತಾತ ಒಂದ್ ಸಲ ಅವಸರ ಮಾಡ್ದ.
ದೀಪ ಬಿಡ್ಲಿಲ್ಲ."

ಒಂದು ಕಲ್ಲು ಆರಿಸಿ ಎಸೆದಳು.
ಮುಂದಿನದನ್ನು ಯಾರೂ ಕೇಳಲಿಲ್ಲ.

ಹಲಗೆಯ ಕಡೆ ತಿರುಗಿದೆ.
ಏಳಕ್ಕೆ ಆರಾದರೂ ತೆಗೆದುಕೊಳ್ಳುವ ದೀಪ,
ಸೊನ್ನೆ ತೆಗೆದುಕೊಂಡ ರಾಗಿ,
ಇಬ್ಬರೂ ಒಂದೇ ಕತ್ತಲೆಯಲ್ಲಿ ಎದುರಾದಾಗ
ಆರಿಹೋದದ್ದು ದೀಪ.

ಮರುದಿನ ಎರಡು ಗಾಜಿನ ಬಾಟಲಿ ತಂದೆ,
ಒಂದರಲ್ಲಿ ಒಣ ರಾಗಿ, ಇನ್ನೊಂದರಲ್ಲಿ ನೆನೆಸಿ ಬಸಿದ ರಾಗಿ,
ಮುಚ್ಚಳಕ್ಕೆ ಮೇಣ. ಎರಡು ರಾತ್ರಿ ಬೀರುವಿನಲ್ಲಿ.
ನೆಂದದ್ದರ ಬಾಯಿ ತೆಗೆದು ಕಡ್ಡಿ ಗೀರಿ ಇಳಿಸಿದೆ:
ಯಾರೋ ಕೆಳಗಿನಿಂದ ಉಫ್ ಅಂದಂತೆ, ಇಲ್ಲ.
ಒಣದ್ದರಲ್ಲಿ ಮಾತ್ರ ಬೆರಳು ಸುಡುವವರೆಗೂ ಉರಿಯಿತು.
ಹಿಂದಿನ ಬೆಂಚು ಹೋ ಎಂದಿತು.
ಖಲಂದರ್ ಬಾಟಲಿಯನ್ನು ಕಿವಿಗೆ ಹಿಡಿದಿದ್ದ,
"ಇದು ನಿಧಾನ, ಮಿಸ್.
ಇದಕ್ಕೆ ಮೂರು ವರ್ಷ ಕೊಡಬೇಕು."

ಮೂರು ವರ್ಷಕ್ಕೆ ಅವನು ಇಲ್ಲಿರುವುದಿಲ್ಲ. ನಾನಂತೂ ಮಾರ್ಚಿಯವರೆಗೆ.
ಪಟ್ಟಿ ಒರೆಸಲಿಲ್ಲ, ಸಿಲಬಸ್ ಇದೆ.
ಕೆಳಗೆ ಸಣ್ಣದಾಗಿ ಎಂಟನೆಯದು ಬರೆದೆ: ಕಾಯುವುದು.
ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.
"ಪರೀಕ್ಷೆಗೆ ಬರುತ್ತಾ?"
"ಬರಲ್ಲ."

ನೆಂದ ರಾಗಿ ಹುಳಿ ವಾಸನೆ ಬರುತ್ತಿತ್ತು.
ಅಕ್ಕುಲಮ್ಮ ಅದನ್ನು ನಲ್ಲಿಯ ಹತ್ತಿರ ಚೆಲ್ಲಿದಳು.
ವಾರದೊಳಗೆ ಅಂಗೈಯಗಲ ಹಸಿರು,
ಸೂಜಿಯಷ್ಟು ಸಣ್ಣ, ಒತ್ತೊತ್ತಾಗಿ.
ಪಟ್ಟಿ ಹಿಡಿದುಕೊಂಡು ಮಕ್ಕಳು ಓಡಿದರು.
ಅವರು ಮುಟ್ಟುವ ಮೊದಲೇ
ಅಂಚೆ ಕಚೇರಿಯ ಕಡೆಯಿಂದ ಒಂದು ಹುಂಜ ಬಂತು,
ಕತ್ತು ಓರೆ ಮಾಡಿ ಒಂದು ಕ್ಷಣ ಯೋಚಿಸಿ
ಮೊದಲನೇ ಲಕ್ಷಣದಿಂದ ಶುರು ಮಾಡಿತು.